ಗಂಡನ ಸಹಿ ಕೇಳಿದ ಕೌಂಟರು

ಗೆಳತಿಯರೇ, ಇವತ್ತು ಕಾರವಾರದ ಆಸ್ಪತ್ರೆಯೊಂದರಲ್ಲಿ ಕಂಡದ್ದು ಕೇಳಿ. ನಮ್ಮ ಶಿರವಾಡಕ್ಕೆ ಮೀನು ತರುವ ದೇವಕ್ಕ ಸೊಸೆಯನ್ನು ಕರೆತಂದಿದ್ದಳು. ಬಸಿರು ಮುಂದುವರಿದರೆ ಸೊಸೆಯ ಜೀವಕ್ಕೇ ಅಪಾಯ, ತೆಗೆಸಬೇಕು ಎಂದು ಡಾಕ್ಟರು ಹೇಳಿದ್ದರಂತೆ.

"ಗಂಡನ ಸಹಿ ಬೇಕು," ಎಂದ ಕೌಂಟರಿನವನು.

"ಅಂವ ಬೋಟಿಗೆ ಹೋಗಿದಾನೆ, ಬರೂಕೆ ಎಂಟು ದಿನ," ಎಂದಳು ದೇವಕ್ಕ. "ಬೈತಖೋಲ ಬಂದರದಲ್ಲಿ ಮೀನು ಹರಾಜು ಕೂಗೂಕೆ ನನ್ನ ಗಂಡನ ಸಹಿ ಯಾರೂ ಕೇಳೂದಿಲ್ಲ ತಮ್ಮಾ. ಇವಳ ಹೊಟ್ಟೆಗೆ ಎಂತಕೆ?"

ಒಳಗಿಂದ ಬಂದ ಡಾಕ್ಟರಮ್ಮ, "ಕಾನೂನು ಕೇಳೋದೂ ಇವಳೊಬ್ಬಳ ಸಹಿಯನ್ನೇ," ಎಂದರು. ಸೊಸೆ ಸಹಿ ಹಾಕಿದಳು. ದೇವಕ್ಕನಿಗೆ ಕೈಮುಗಿಯಬೇಕೆನಿಸಿತು ನನಗೆ.

ಮೂರು ವರ್ಷದ ಹಿಂದೆ ನನ್ನದೇ ಬಸಿರು ತೆಗೆಸಲು ಇದೇ ಕೌಂಟರಿಗೆ ನಾನು ತುಟಿ ಬಿಚ್ಚದೆ ಗಂಡನ ಸಹಿ ತಂದುಕೊಟ್ಟಿದ್ದೆ. ಅಂದಹಾಗೆ, ನಾನು ವಕೀಲೆ.