ಆಂಟೆನಾ ಸ್ಪಷ್ಟ, ಪಾರಿವಾಳ ಮಸುಕು

ನಾನು ತೆಗೆದ ಫೋಟೋಗಳಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಬಂದಿರುವುದು ಒಂದು ಟಿವಿ ಆಂಟೆನಾದ್ದು. ಅದರ ಒಂದು ಕಡ್ಡಿಯನ್ನು ಮಂಗ ಮುರಿದಿತ್ತು. ಆ ಜಾಗಕ್ಕೆ ಛತ್ರಿಯ ಕಡ್ಡಿ ಕಟ್ಟಿದ್ದರು. ಕಟ್ಟಿದ ತಾಮ್ರದ ತಂತಿಯ ಸುತ್ತುಗಳನ್ನೂ ಫೋಟೋದಲ್ಲಿ ಎಣಿಸಬಹುದು. ಆಂಟೆನಾದ ಹಿಂದೆ, ಆಕಾಶದಲ್ಲಿ, ಕೆಂಪು ಕಲೆಯೊಂದಿದೆ. ನಾನು ತೆಗೆಯಲು ಹೋದದ್ದು ಅದನ್ನು.

ಇದು ಎಂಬತ್ತರ ದಶಕದ ಕೊನೆಯ ಮಾತು. ಎಂಬತ್ತೇಳು ಎಂದು ನಾನು ಹೇಳುತ್ತೇನೆ, ಎಂಬತ್ತೊಂಬತ್ತು ಎಂದು ಅಕ್ಕ ಹೇಳುತ್ತಾಳೆ. ಕ್ಯಾಮೆರಾ ತಂದುಕೊಟ್ಟದ್ದು ಅವಳ ಗಂಡ, ಮಸ್ಕತ್ತಿನಿಂದ. ಹಾಗಾಗಿ ಅವಳ ಮಾತಿಗೇ ತೂಕ ಹೆಚ್ಚು. ನಾನು ಆಗ ಶಿಗ್ಗಾವಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ಸವಣೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಎಪ್ಪತ್ತರ ದಶಕದಲ್ಲಿ, ಧಾರವಾಡದಲ್ಲಿ ಓದುವಾಗಲೇ ಹತ್ತಿತ್ತು. ಕೈಯಿಂದ ಫೋಕಸ್ ತಿರುಗಿಸುವ ಹಳೆಯ ಕ್ಯಾಮೆರಾದಲ್ಲಿ ನನಗೆ ಸಿಕ್ಕಿದ್ದೆಲ್ಲ ಹಕ್ಕಿ ಆಗತಾನೇ ಬಿಟ್ಟುಹೋದ ಕೊಂಬೆಗಳು. ಹೊಸದು ತನ್ನಷ್ಟಕ್ಕೆ ತಾನೇ ಫೋಕಸ್ ಮಾಡುತ್ತದೆ ಎಂದರು ಭಾವ. ತನ್ನಷ್ಟಕ್ಕೆ ತಾನೇ ಆಗುವ ಯಾವುದನ್ನೂ ಪರೀಕ್ಷಿಸದೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದರು.

ಕ್ಯಾಮೆರಾದ ಕೈಪಿಡಿ ಅರಬ್ಬಿಯಲ್ಲಿತ್ತು. ಪಕ್ಕದ ಮನೆಯ ಚಾಚಾ ಎಲೆ ವ್ಯಾಪಾರಿ. ಹತ್ತೂರಿಗೆ ವೀಳ್ಯದೆಲೆಯ ಪೆಂಡಿ ಕಳಿಸುವವರು. ಅವರಿಗೆ ಅರಬ್ಬಿ ಓದಲು ಬರುತ್ತಿತ್ತು. ಕೈಪಿಡಿಯನ್ನು ತೆಗೆದುಕೊಂಡು, ಕನ್ನಡಕ ಒರೆಸಿಕೊಂಡು, ಒಂದು ಪುಟ ನಿಧಾನವಾಗಿ, ಒಂದಕ್ಷರ ತಪ್ಪದೆ ಓದಿದರು.

"ಏನಂತೈತಿ ಚಾಚಾ?" ಎಂದೆ.

"ಅದೇನ್ ಗೊತ್ತಿಲ್ರಿ ಸರ. ಅಕ್ಷರ ಬರತಾವ, ಭಾಷಾ ಬರೂದಿಲ್ಲ. ಇನ್ನೊಂದ್ ಪುಟ ಓದ್ಲೇನು?"

ಬೇಡವೆಂದು ನಾನೇ ಹುಡುಕಾಟಕ್ಕೆ ಇಳಿದೆ. ಕ್ಯಾಮೆರಾದ ಪಕ್ಕದಲ್ಲಿ ಸಣ್ಣ ಗುಂಡಿಯೊಂದಿತ್ತು. ಅದನ್ನು ಮೇಲೆ ಸರಿಸಿದರೆ ಲೆನ್ಸು ಎದುರಿಗಿರುವುದರ ಮೇಲೆ ಒಮ್ಮೆ ನಿಲ್ಲುತ್ತದೆ, ಸ್ಪಷ್ಟವಾಗುವ ತನಕ ಕ್ಲಿಕ್ ಆಗಲು ಒಪ್ಪುವುದಿಲ್ಲ. ಕೆಳಗೆ ಸರಿಸಿದರೆ ಓಡುವುದರ ಬೆನ್ನು ಹತ್ತುತ್ತದೆ, ಸ್ಪಷ್ಟವಿರಲಿ ಬಿಡಲಿ, ಕ್ಲಿಕ್ ಆಗುತ್ತದೆ. ಇಷ್ಟು ತಿಳಿಯಲು ಕೆಲವು ಭಾನುವಾರಗಳು ಹೋದವು. ಹಾನಗಲ್ಲಿನ ಕೆರೆಯಲ್ಲಿ ಕೊಕ್ಕರೆಯ ಮುಂದಿನ ಜೊಂಡು ಚೆನ್ನಾಗಿ ಬಂತು. ಹಿರೇಕೆರೂರಿನಲ್ಲಿ ಮಿಂಚುಳ್ಳಿ ಕುಳಿತಿದ್ದ ತಂತಿ ಚೆನ್ನಾಗಿ ಬಂತು. ಕ್ಯಾಮೆರಾಕ್ಕೆ ಕಾಣುವುದು ನಟ್ಟನಡುವಿನ ಸಣ್ಣ ಚೌಕ ಮಾತ್ರ. ಅದರೊಳಗೆ ಏನು ಬಿದ್ದರೂ ಅದು ಅದಕ್ಕೆ ಹಕ್ಕಿಯೇ.

ನನಗೆ ಬೇಕಿದ್ದದ್ದು ಮತ್ತೆ ಮತ್ತೆ ಹಾರಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುವ ಹಕ್ಕಿ. ಚಾಚಾನ ಮಾಳಿಗೆಯ ಮೇಲೆ ಪಾರಿವಾಳಗಳಿದ್ದವು.

"ಫೋಟೋ ಹೊಡ್ಕೊರ್ರಿ ಸರ, ಎಷ್ಟ ಬೇಕಾದ್ರೂ ಹೊಡ್ಕೊರ್ರಿ," ಎಂದರು. "ಆದ್ರ ನಮ್ಮ ಕೆಂಪೀದೊಂದು ಚಂದ ಬರಬೇಕ. ಉಳದಾವು ಹೆಂಗರ ಬರ್ಲಿ."

ಕೆಂಪಿ ಎಂದರೆ ಬಿಳಿ ಬಾಲದ ಒಂದು ಕೆಂಪು ಹೆಣ್ಣು. ಮರಿ ಇದ್ದಾಗಿನಿಂದ ಚಾಚಾ ಕೈಯಲ್ಲಿ ಕಾಳು ತಿನ್ನಿಸಿ ಬೆಳೆಸಿದ್ದರು. ಆಗ ಅದು ಮೊದಲ ಸಲ ಮೊಟ್ಟೆ ಇಟ್ಟಿತ್ತು, ಎರಡು. ಚಾಚಾ ಮನೆಗೆ ಬಂದವರನ್ನೆಲ್ಲ ಏಣಿ ಹತ್ತಿಸಿ ತೋರಿಸುತ್ತಿದ್ದರು.

ಒಂದು ಬೆಳಗ್ಗೆ ಹಾರಿಹೋದ ಹಿಂಡಿನಲ್ಲಿ ಕೆಂಪಿ ಮಾತ್ರ ಮರಳಲಿಲ್ಲ. ಅಂದೇ ನಾನು ರೀಲು ಮುಗಿಸಿ, ತೊಳೆಸಲು ಹುಬ್ಬಳ್ಳಿಗೆ ಕಳಿಸಿದ್ದೆ. ಸಂಜೆಯ ಹೊತ್ತಿಗೆ ಸುದ್ದಿ ಬಂತು: ಹಿಂದಿನ ಓಣಿಯಲ್ಲಿ, ಚಾಚಿಯ ಸ್ವಂತ ತಮ್ಮನ ಗೂಡಿನಲ್ಲಿ, ಬಿಳಿ ಬಾಲದ ಕೆಂಪು ಹೆಣ್ಣೊಂದಿದೆ, ರೆಕ್ಕೆಗೆ ದಾರ ಕಟ್ಟಿದೆ. ಹೊಸದಾಗಿ ಬಂದ ಹಕ್ಕಿಗೆ ಜಾಗ ರೂಢಿಯಾಗುವ ತನಕ ಹಾಗೆ ಕಟ್ಟುತ್ತಾರೆ. ಬಳೆ ವ್ಯಾಪಾರದ ಆ ತಮ್ಮ, ಇದನ್ನು ನಾನು ಬಂಕಾಪುರದ ಸಂತೆಯಲ್ಲಿ ಕೊಂಡದ್ದು ಎಂದ. ಇಲ್ಲಿ ಚಾಚಾನ ಗೂಡಿನಲ್ಲಿ ಗಂಡು ಹಕ್ಕಿ ಹಗಲು ಕಾವು ಕೂರುವ ತನ್ನ ಪಾಳಿ ಮುಗಿಸಿ ಸಂಜೆ ಎದ್ದು ಹೋಗುತ್ತಿತ್ತು. ರಾತ್ರಿಯ ಪಾಳಿಗೆ ಯಾರೂ ಇರಲಿಲ್ಲ. ಕೆಂಪಿ ಬೇಗ ಬರದಿದ್ದರೆ ಮೊಟ್ಟೆ ಹೋದವು ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಆ ಬೆಳಗಿನ ಫೋಟೋದಲ್ಲಿ ಕೆಂಪಿ ಸಿಕ್ಕಿದ್ದರೆ ಹಿಂದಿನ ಓಣಿಯ ಹಕ್ಕಿಗೆ ಹೋಲಿಸಿ ನೋಡಬಹುದೆಂದು ಚಾಚಾ ಕಾದರು. ಫೋಟೋ ಬಂದ ದಿನ ಪಂಚಾಯಿತಿ ಚಾಚಾನ ಮಾಳಿಗೆಯ ಮೇಲೆಯೇ ನಡೆಯಿತು. ಮನೆಯೊಳಗೆ ಅವರು ಉರ್ದು ಆಡುವವರು. ಅಂದು ನಾನೂ ಸಾಕ್ಷಿಯಾದ್ದರಿಂದ ನನಗೂ ತಿಳಿಯಲೆಂದು ಜಗಳವನ್ನು ಕನ್ನಡದಲ್ಲಿ ಆಡಿದರು.

"ನೋಡು," ಎಂದು ಚಾಚಾ ಫೋಟೋ ಚಾಚಿದರು. "ಇದು ಯಾರ ಆಂಟೆನಾ? ಛತ್ರಿ ಕಡ್ಡಿ ಕಾಣತೈತಿಲ್ಲೋ?"

"ಆಂಟೆನಾ ನಿಮ್ದ ಬಿಡ್ರಿ ದುಲ್ಹಾಭಾಯ್," ಎಂದ ತಮ್ಮ, ಅಕ್ಕನ ಗಂಡನಿಗೆ ಕೊಡುವ ಮರ್ಯಾದೆ ಬಿಡದೆ. "ನಾ ಏನ್ ಆಂಟೆನಾ ಹಿಡದ್ ಕಟ್ಟೇನೇನು?"

"ಅದರ ಹಿಂದ ಕೆಂಪಗ ಕಾಣಾಕತ್ತೈತಲ್ಲ, ಅದು?"

"ಅದು ಕಬೂತರ ಅಂತ ಯಾರ್ ಹೇಳಿದ್ರು? ನಿಮ್ಮ ಎಲಿ ತಿಂದ್ ಉಗುಳಿದಂಗ ಐತಿ."

ಚಾಚಾ ನನ್ನ ಕಡೆ ತಿರುಗಿದರು. "ಸರ, ಹೊಡದವ್ರ ನೀವು. ನಮ್ಮ ಗೂಡಿಂದ ಎದ್ದ ಕೆಂಪಿ ಇದು. ಹೌದಲ್ಲ?"

ನಾನು ನೆನಪಿಸಿಕೊಳ್ಳಲು ನೋಡಿದೆ. ಗುಂಡಿ ಕೆಳಗಿತ್ತು, ಕ್ಲಿಕ್ ಆಗಿತ್ತು. ಆಂಟೆನಾ ನೆನಪಿತ್ತು, ಆದರೆ ಅದು ಆ ಬೆಳಗಿನ ನೆನಪೋ ಈಗಷ್ಟೇ ನೋಡಿದ ಫೋಟೋದ ನೆನಪೋ ತಿಳಿಯಲಿಲ್ಲ. ಆ ದಿನ ಹಿಂದಿನ ಓಣಿಯ ಹಿಂಡೂ ನಮ್ಮ ಮೇಲೆ ಹಾದುಹೋಗಿತ್ತು, ಅದರದ್ದೂ ಒಂದೆರಡು ಫೋಟೋ ಹೊಡೆದಿದ್ದೆ.

"ಇರಬಹುದು," ಎಂದೆ. "ಇರ್ಲಿಕ್ಕಿಲ್ಲ ಅಂತನೂ ಹೇಳಾಕ ಬರೂದಿಲ್ಲ."

ತಮ್ಮ ತಲೆದೂಗಿದ. ಚಾಚಾ ಫೋಟೋ ಹಿಂದಕ್ಕೆ ತೆಗೆದುಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. "ಇಷ್ಟ ದಿವಸ ನನ್ನ ಮಾಳಿಗಿ ಮ್ಯಾಲ ನಿಂತ್ ಹೊಡದ್ರಿ ಸರ," ಎಂದರು.

ಚಹಾ ತಂದ ಚಾಚಿ ಎಲ್ಲವನ್ನೂ ಏಣಿಯ ಮೇಲಿನಿಂದ ಕೇಳಿಸಿಕೊಂಡಿದ್ದರು. "ಕಾಲೇಜಿನ್ಯಾಗೂ ಹಿಂಗ ಪಾಠ ಹೇಳ್ತೀರೇನ್ರಿ ಸರ? ಇದು ಕೆರಿ ಕಪ್ಪಿ ಇರಬಹುದು, ಇರ್ಲಿಕ್ಕಿಲ್ಲ?" ಎಂದು ಚಹಾದ ಕಪ್ಪು ನನ್ನ ಕೈಗಿಟ್ಟು ತಮ್ಮನ ಕಡೆ ತಿರುಗಿದರು. "ರಾತ್ರಿ ಮೊಟ್ಟಿಗೆ ಹತ್ತಿ ಅರಳಿ ಹೊಚ್ಚಾಕಿ ನಾನು. ಇನ್ನ ನನ್ನ ಕೈಲೆ ಆಗೂದಿಲ್ಲ. ನಿನ್ನ ಕಬೂತರದ ದಾರ ಬಿಚ್ಚು. ನಿಂದಾದ್ರ ಬಂಕಾಪುರಕ್ಕ ಹೋಗ್ಲಿ, ಇಲ್ಲಾ ನಿನ್ನ ಮಾಳಿಗಿ ಮ್ಯಾಲ ಕುಂದರ್ಲಿ. ನಮ್ದಾದ್ರ ಮೊಟ್ಟಿಗೆ ಬರತೈತಿ."

ಕಳೆದುಕೊಂಡ ಮಾನಕ್ಕಾಗಿ ನಾನೂ ಒಂದು ಮಾತು ಸೇರಿಸಿದೆ: ಹೆಣ್ಣಿನ ಪಾಳಿ ಸಂಜೆ ಶುರುವಾಗುತ್ತದೆ, ಆದ್ದರಿಂದ ಹೊತ್ತು ಇಳಿದ ಮೇಲೆ ಬಿಡುವುದು ಒಳ್ಳೆಯದು, ಪುಸ್ತಕದಲ್ಲಿ ಹಾಗಿದೆ.

"ಆ ಪುಸ್ತಕ ಕಬೂತರನೂ ಓದೈತೇನ್ರಿ ಸರ?" ಎಂದ ತಮ್ಮ. ಆದರೆ ಅಕ್ಕನ ಮುಖ ನೋಡಿ ಒಪ್ಪಿದ.

ಹೊತ್ತು ಇಳಿದ ಮೇಲೆ ಅವನು ತನ್ನ ಮಾಳಿಗೆಯ ಮೇಲೆ ಕಾಣಿಸಿಕೊಂಡ. ನಾವು ಮೂವರು ಇಲ್ಲಿ ನಿಂತೆವು. ಈ ಸಲ ಇರಬಹುದು, ಇರಲಿಕ್ಕಿಲ್ಲ ಎನ್ನುವ ಮಾತೇ ಬರಬಾರದೆಂದು ನಾನು ಹೊಸ ರೀಲು ಹಾಕಿ, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಿದ್ದೆ. ಅವನು ಕೈ ಎತ್ತಿದ. ಏನೋ ಒಂದು ಕೆಂಪಗೆ ಮೇಲೆದ್ದಿತು. ಒತ್ತಿದೆ.

ಹಿಂದಿನ ದಿನ ಗೋಡೆಯ ಮೇಲೆ ಕುಳಿತ ಗುಬ್ಬಿಗಾಗಿ ಗುಂಡಿಯನ್ನು ಮೇಲೆ ಸರಿಸಿದ್ದೆ. ಮತ್ತೆ ಕೆಳಗೆ ಮಾಡಿರಲಿಲ್ಲ. ಬರೀ ಆಕಾಶದಲ್ಲಿ ನಿಲ್ಲಲು ಏನೂ ಸಿಗದೆ ಲೆನ್ಸು ಗುರ್ ಎನ್ನುತ್ತ ಮುಂದೆ ಹೋಯಿತು, ಹಿಂದೆ ಬಂತು. ನನ್ನ ಕಣ್ಣೆದುರು ಆಕಾಶ, ಆಂಟೆನಾ, ಓಣಿ ಎಲ್ಲ ಕರಗಿದವು, ಕೂಡಿದವು, ಮತ್ತೆ ಕರಗಿದವು. ಕ್ಲಿಕ್ ಆಗಲಿಲ್ಲ. "ಬಂತು! ಬಂತು ನೋಡ್ರಿ!" ಎಂದು ಪಕ್ಕದಲ್ಲಿ ಚಾಚಾ ಕೂಗಿದರು. ಕ್ಯಾಮೆರಾ ಇಳಿಸಿದಾಗ ಗಂಡು ಹಕ್ಕಿ ಗೂಡಿನ ಹೊರಗಿನ ಹಲಗೆಯ ಮೇಲೆ ಕುತ್ತಿಗೆ ಉಬ್ಬಿಸಿಕೊಂಡು ನಿಂತಿತ್ತು. ಒಳಗೆ, ಕತ್ತಲಲ್ಲಿ, ಒಂದು ಬಿಳಿ ಬಾಲವಿತ್ತು.

ತಮ್ಮ ಬಂದ, ಬಗ್ಗಿ ನೋಡಿದ, ಚಹಾ ಕುಡಿದ. "ಹಂಗಾದ್ರ ಆ ಬಂಕಾಪುರದಾಂವ ನಿಮ್ಮ ಕಬೂತರನ ನನಗ ಮಾರ್ಯಾನ, ದುಲ್ಹಾಭಾಯ್," ಎಂದ.

"ಹೂಂ," ಎಂದರು ಚಾಚಾ ಗಂಭೀರವಾಗಿ. "ಅಂವಾ ಮೊದ್ಲಿಂದ ಹಂಗ."

ಎರಡು ಮೊಟ್ಟೆಗಳಲ್ಲಿ ಒಂದು ಮರಿಯಾಯಿತು. ಚಾಚಾ ಆಂಟೆನಾದ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಬಂದವರಿಗೆ ಇದು ನಮ್ಮ ಕೆಂಪಿ ಎಂದು ತೋರಿಸುತ್ತಿದ್ದರು. ಬಂದವರು ಆಂಟೆನಾವನ್ನು ಹೊಗಳುತ್ತಿದ್ದರು. ಅದರ ಒಂದು ಪ್ರತಿ ನನ್ನ ಹತ್ತಿರ ಈಗಲೂ ಇದೆ.

ಆ ಸಂಜೆಯ ಬಗ್ಗೆ ಯಾರಾದರೂ ಕೇಳಿದರೆ ಈಗ ನಾನು ತಡವರಿಸುವುದಿಲ್ಲ. ಕೆಂಪಿ ಓಣಿಯ ಮೇಲೆ ತಗ್ಗಿನಲ್ಲಿ ಹಾರಿ ಬಂದದ್ದು, ಬಾಲ ಬಿಚ್ಚಿ ವೇಗ ತಗ್ಗಿಸಿದ್ದು, ಆಂಟೆನಾದ ಛತ್ರಿ ಕಡ್ಡಿಯ ಮೇಲೆ ಒಂದು ಕ್ಷಣ ಕುಳಿತು, ಕತ್ತು ಓರೆ ಮಾಡಿ, ಗೂಡಿಗೆ ಇಳಿದದ್ದು ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಅದರ ಕಾಲುಗುರು ಕೂಡ ಸ್ಪಷ್ಟವಾಗಿ ಕಾಣುತ್ತದೆ.

ಛತ್ರಿಯ ಕಡ್ಡಿ ಪಾರಿವಾಳದ ಭಾರ ತಾಳುವಂಥದ್ದಲ್ಲ.