ತಗ್ಗಿಸಿದ ಕಾರಿನ ಎಡಗಾಲಿ

ಮನುಷ್ಯರ ಮುಖಕ್ಕಿಂತ ಅವರ ಚಪ್ಪಲಿಯೇ ನನಗೆ ಹೆಚ್ಚು ನೆನಪಿರುತ್ತದೆ. ಇದನ್ನು ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ. ಮದುವೆಯಾಗಿ ಗಂಗಾವತಿ ಹತ್ತಿರದ ಈ ಮರಳಿ ಊರಿಗೆ ಬಂದ ಮೇಲೆ ಎಷ್ಟೋ ವರ್ಷ ನಾನು ತಲೆ ಎತ್ತಿದ್ದೇ ಕಡಿಮೆ. ಮನೆಗೆ ಯಾರು ಬಂದರೂ ಸೆರಗು ಎಳೆದುಕೊಂಡು, ನೆಲ ನೋಡುತ್ತ ನೀರಿನ ತಂಬಿಗೆ ಇಟ್ಟು ಒಳಗೆ ಓಡುತ್ತಿದ್ದೆ. ನೆಲ ನೋಡುವವರಿಗೆ ಕಾಣುವುದು ಕಾಲು, ಕಾಲಿನ ಕೆಳಗೆ ಚಪ್ಪಲಿ. ಮಾವನವರದು ಹಿಮ್ಮಡಿಯ ಹೊರಗಡೆ ಸವೆಯುತ್ತಿತ್ತು. ಊರಿನ ಸಾಲಿ ಮಾಸ್ತರದು ಹೆಬ್ಬೆರಳ ಹತ್ತಿರ ತೂತು ಬೀಳುತ್ತಿತ್ತು. ಅವರು ಸದಾ ಅವಸರದ ಮನುಷ್ಯರು. ನಿಮ್ಮ ಅಜ್ಜನ ಎರಡೂ ಚಪ್ಪಲಿ ಮಾತ್ರ ಒಂದೇ ಸಮ ಸವೆಯುತ್ತಿದ್ದವು. ಮಾತಿನಲ್ಲಿ ಎಷ್ಟು ಅಡ್ಡಾದಿಡ್ಡಿಯೋ ನಡಿಗೆಯಲ್ಲಿ ಅಷ್ಟು ನೆಟ್ಟಗೆ, ಆ ಪುಣ್ಯಾತ್ಮ. ಅವರು ಹೋದ ಮೇಲೆ ಆ ಜೋಡು ಬಾಗಿಲ ಮೂಲೆಯಲ್ಲೇ ಇತ್ತು. ಕಸ ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದೆ, ಎತ್ತುತ್ತಿರಲಿಲ್ಲ.

ಈ ನೆಲ ನೋಡುವ ವಿದ್ಯೆ ಒಂದು ದಿನ ಮೋಟಾರು ಗ್ಯಾರೇಜಿನಲ್ಲಿ ಕೆಲಸಕ್ಕೆ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ಈಗ ನಗುವವರು ಮೊಮ್ಮಕ್ಕಳಾದ ನೀವು. ರಜೆಗೆ ಬಂದಾಗಲೆಲ್ಲ "ಆಯಿ, ಗ್ಯಾರೇಜಿನ್ಯಾಗ ಏನ ಮಾಡಿದಿ, ಹೇಳ" ಎಂದು ಗಂಟುಬೀಳುತ್ತೀರಿ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಕಾಗದಕ್ಕೆ ಕಣ್ಣಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮಂಜಣ್ಣನಿಗೆ ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಕಾರು ಬಂತು, ಇಷ್ಟು ನಿಮಗೆ ಗೊತ್ತು. ಅದೇ ಊರಿನಲ್ಲಿ ನನ್ನ ಕಿರಿಮಗಳ ಮನೆ. ಅವಳಿಗೂ ನೌಕರಿ. ಅವಳ ಕೂಸನ್ನು ಆಡಿಸಲು ನಾನು ದಿನಾ ಬೆಳಿಗ್ಗೆ ಮಂಜನ ಪಕ್ಕದಲ್ಲಿ ಕುಳಿತು ಹೋಗುತ್ತಿದ್ದೆ, ಸಂಜೆ ಅವನ ಜೊತೆಗೇ ಬರುತ್ತಿದ್ದೆ. ಕಾರು ಬಂದ ಆರು ತಿಂಗಳಿಗೆ ಮಂಜ ಅದರ ಸ್ಪ್ರಿಂಗು ತೆಗೆಸಿ ಗಿಡ್ಡ ಸ್ಪ್ರಿಂಗು ಹಾಕಿಸಿದ. ಕಾರು ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಕುಳಿತಿತು. ಕಾಲುವೆ ನೀರು ಎಲ್ಲಿ ಒಳಗೆ ಬರುತ್ತದೋ ಎಂದು ಮನೆಯ ಪಾಯವನ್ನು ಎತ್ತರಿಸುವ ಜನ ನಾವು. ನಮ್ಮ ವಂಶದಲ್ಲಿ ಒಂದು ವಸ್ತುವನ್ನು ಬೇಕೆಂದೇ ತಗ್ಗಿಸಿದವನು ಇವನೊಬ್ಬನೇ.

"ಹಿಂಗ ಯಾಕೋ?" ಎಂದು ಕೇಳಿದೆ.

"ರೋಡಿಗೆ ಅಂಟಿಕೊಂಡು ಹೊಕ್ಕೈತಿ ಆಯಿ. ತಿರುವಿನ್ಯಾಗ ಅಲ್ಲಾಡಂಗಿಲ್ಲ. ನೋಡಾಕೂ ಭಾಳ ಛಲೋ ಕಾಣತೈತಿ."

ನನ್ನ ಮೊಣಕಾಲುಗಳಿಗೆ ಮಾತ್ರ ಅದು ಚೆನ್ನಾಗಿ ಕಾಣಲಿಲ್ಲ. ಹತ್ತುವುದೆಂದರೆ ಮಣೆಯ ಮೇಲೆ ಕುಳಿತ ಹಾಗೆ. ಇಳಿಯುವುದೆಂದರೆ ಬಾವಿಯಿಂದ ಕೊಡ ಸೇದಿದ ಹಾಗೆ: ಮಂಜ ಎರಡೂ ಕೈ ಹಿಡಿದು ಜಗ್ಗಬೇಕು, ನಾನು "ಯವ್ವಾ" ಎನ್ನಬೇಕು. ದಾರಿಯಲ್ಲಿ ಎರಡು ದೊಡ್ಡ ಹಂಪು, ಎಂದರೆ ರಸ್ತೆಯ ಉಬ್ಬುಗಳಿದ್ದವು. ಅಲ್ಲಿ ನಾನು ಇಳಿದು ನಡೆಯುವುದು, ಅವನು ಕಾರನ್ನು ಓರೆಯಾಗಿ ಮೆಲ್ಲಗೆ ದಾಟಿಸುವುದು, ಮತ್ತೆ ನಾನು ಹತ್ತುವುದು. ಒಂದು ಹುಣ್ಣಿಮೆಯ ದಿನ ಹೀಗೆ ನಡೆಯುತ್ತಿದ್ದಾಗ, ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೊರಟ ಯಾತ್ರಿಕರಿಗೆ ಮಜ್ಜಿಗೆ ಕೊಡುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನನ್ನೂ ನಿಲ್ಲಿಸಿ, "ಪಾದಯಾತ್ರಿ ಏನ್ರಿ ಅಮ್ಮಾ? ಕುಡೀರಿ" ಎಂದಳು. ಅಲ್ಲವೆನ್ನಲು ಸಂಕೋಚವಾಗಿ ಎರಡು ಲೋಟ ಕುಡಿದು, ಹತ್ತು ಹೆಜ್ಜೆ ನಡೆದು ಕಾರು ಹತ್ತಿದೆ. ಹುಲಿಗೆಮ್ಮ ನನ್ನನ್ನು ಕ್ಷಮಿಸಿದ್ದಾಳೆಂದು ನಂಬಿದ್ದೇನೆ. ಆ ಹೆಣ್ಣುಮಗಳ ವಿಷಯ ಗೊತ್ತಿಲ್ಲ; ಅವಳು ಸೊಂಟದ ಮೇಲೆ ಕೈಯಿಟ್ಟು ಕಾರು ಮರೆಯಾಗುವ ತನಕ ನೋಡುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದೆ. ಎದುರಿಗೆ ಕಾರು. ಅಭ್ಯಾಸದಂತೆ ನನ್ನ ಕಣ್ಣು ಅದರ ಕಾಲಿನ ಕಡೆ ಹೋಯಿತು. ಮುಂದಿನ ಟೈರುಗಳ ಹೊರಅಂಚಿನಲ್ಲಿ ಹೊಸ ಟೈರಿನ ರಬ್ಬರು ಕೂದಲು ಇನ್ನೂ ಹಾಗೇ ಇತ್ತು. ಒಳಅಂಚು ಬೋಳು, ಮುಟ್ಟಿದರೆ ಹಂಚಿನಷ್ಟು ನುಣುಪು. ಬಲಗಡೆಯದು ಸ್ವಲ್ಪ, ಎಡಗಡೆಯದು ಬಹಳ. ಇಷ್ಟು ಒಳಗೆ ಸವೆಯುವ ಚಪ್ಪಲಿಯನ್ನು ನಾನು ಯಾರ ಕಾಲಿನಲ್ಲೂ ಕಂಡಿರಲಿಲ್ಲ.

ನನ್ನ ಹಿರಿಮಗ, ಎಂದರೆ ಮಂಜನ ಅಪ್ಪನಿಗೂ ಅದು ಕಂಡಿತು. ಇದು ಎರಡನೆಯ ಜೋಡಿ ಟೈರು. ಅವನು ಹೆಚ್ಚು ಮಾತಾಡಲಿಲ್ಲ.

"ಮತ್ತೊಂದ್ ಜೋಡಿ ಹಿಂಗ ತಿಂತಂದ್ರ, ಹಳೇ ಸ್ಪ್ರಿಂಗ್ ಹಾಕಿಸಿ ಗಾಡಿ ಮ್ಯಾಲೆತ್ತೋದ. ನಿನ್ನ ಶೋಕಿ ಅವತ್ತಿಗೆ ಮುಗೀತು. ತಿಳೀತಿಲ್ಲೋ?"

"ತಿಳೀತಪ್ಪಾ" ಎಂದ ಮಂಜ, ನೆಲ ನೋಡುತ್ತ.

ಮಕ್ಕಳೇ, ಸುಳ್ಳು ಹೇಳುವುದಿಲ್ಲ. ನನಗೆ ಒಳಗೊಳಗೆ ಖುಷಿಯಾಯಿತು. ನನ್ನ ಮೊಣಕಾಲು ಬೇಡಿಕೊಂಡದ್ದನ್ನು ಟೈರು ನಡೆಸಿಕೊಡುತ್ತಿತ್ತು. ನಾನು ಮಾಡಬೇಕಾದದ್ದು ಒಂದೇ, ಸುಮ್ಮನಿರುವುದು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ನಮ್ಮ ತಾಲ್ಲೂಕಿನಲ್ಲಿ ಇಲ್ಲ.

ಗಂಗಾವತಿಯಲ್ಲಿ ಕೊಪ್ಪಳ ರಸ್ತೆಗೆ ಖಾಜಾಸಾಬರ ಗ್ಯಾರೇಜು. ಗಾಲಿ ನೆಟ್ಟಗೆ ಮಾಡುವುದೇ ಅವರ ಕಸುಬು. ಅದಕ್ಕೆ ಅಲೈನ್‌ಮೆಂಟು ಎನ್ನುತ್ತಾರೆ. ನೆಲದಲ್ಲೊಂದು ಉದ್ದ ಹೊಂಡ. ಅದರ ಮೇಲೆ ಕಾರು ನಿಲ್ಲಿಸಿ, ಗಾಲಿಗಳಿಗೆ ಕಬ್ಬಿಣದ ಕೈ ತೊಡಿಸಿದರೆ ಗೋಡೆಯ ಟಿವಿಯಲ್ಲಿ ಅಂಕಿಗಳು ಮೂಡುತ್ತವೆ. ತಪ್ಪಿದ್ದರೆ ಕೆಂಪು, ಸರಿಯಿದ್ದರೆ ಹಸಿರು. ಖಾಜಾಸಾಬರು ಹೊಂಡಕ್ಕಿಳಿದು ನಟ್ಟಿಗೆ ಪಾನಾ ಹಾಕಿ ತಿರುಗಿಸುತ್ತ ಮಂಜನಿಗೆ ಪಾಠ ಹೇಳುತ್ತಾರೆ. ನಾನು ಕುರ್ಚಿಯಲ್ಲಿ ಕುಳಿತು, ಕೇಳದವಳ ಹಾಗೆ ಕೇಳುತ್ತೇನೆ. ಏಳನೆಯ ಇಯತ್ತೆಗೆ ನಿಂತ ನನ್ನ ವಿದ್ಯಾಭ್ಯಾಸ ಹೀಗೆ ಮುಂದುವರಿಯಿತು.

ಕ್ಯಾಂಬರ್ ಎಂದರೆ ಗಾಲಿಯ ತಲೆ ಯಾವ ಕಡೆ ವಾಲಿದೆ ಎಂಬುದು. ಕಾರನ್ನು ತಗ್ಗಿಸಿದರೆ ಗಾಲಿಯ ತಲೆ ಒಳಕ್ಕೆ ವಾಲುತ್ತದೆ, ಕಾಲು ಹೊರಕ್ಕೆ ಸರಿಯುತ್ತದೆ; ಕುಸ್ತಿಗೆ ನಿಂತ ಪೈಲವಾನನ ಹಾಗೆ. ಟೋ ಎಂದರೆ ಗಾಲಿಯ ಮೂತಿ. ಕೆಲವರು ಹೆಬ್ಬೆರಳು ಒಳಕ್ಕೆ ಹಾಕಿ ನಡೆಯುತ್ತಾರೆ, ಕೆಲವರು ಬಾತುಕೋಳಿಯ ಹಾಗೆ ಹೊರಕ್ಕೆ. ಗಾಲಿಗೂ ಹಾಗೇ. ಮುಂದಿನ ಗಾಲಿಗಳೇ ಎಳೆಯುವ ಇಂಥ ಕಾರಿನಲ್ಲಿ, ಎಳೆಯುವ ಭರಕ್ಕೆ ಎರಡೂ ಮೂತಿ ತಾವಾಗಿ ಒಳಕ್ಕೆ ತಿರುಗುತ್ತವಂತೆ. ನಮ್ಮ ಎತ್ತುಗಳೂ ಭಾರದ ಬಂಡಿ ಎಳೆಯುವಾಗ ಭುಜಕ್ಕೆ ಭುಜ ತರುತ್ತಿದ್ದವಲ್ಲ, ಹಾಗೆ. ಅದಕ್ಕೇ ನಿಂತಾಗ ಅವುಗಳನ್ನು ಸೊನ್ನೆಗೆ, ಇಲ್ಲವೇ ಕೂದಲೆಳೆಯಷ್ಟು ಹೊರಕ್ಕೆ ಇಡಬೇಕು; ಓಡುವಾಗ ನೆಟ್ಟಗಾಗುತ್ತವೆ. "ತಲಿ ವಾಲಿದ್ರ ಟೈರು ಸಾವಕಾಶ ಸವೀತೈತಿ. ಮೂತಿ ತಪ್ಪಿದ್ರ ತಿಂದ ಹಾಕತೈತಿ" ಎನ್ನುತ್ತಿದ್ದರು ಖಾಜಾಸಾಬರು. ಕ್ಯಾಸ್ಟರ್ ಎಂದು ಮೂರನೆಯದೊಂದು ಇದೆ. ಅದು ನನಗೆ ಅರ್ಥವಾಗಿಲ್ಲ. ತಲೆ ಅಲ್ಲಾಡಿಸುತ್ತಿದ್ದ ಮಂಜನಿಗೂ ಆಗಿಲ್ಲವೆಂದು ನನ್ನ ಗುಮಾನಿ.

ಹಿಂದೆ ಎರಡು ಸಲ ಅಲ್ಲಿ ಎಲ್ಲ ಅಂಕಿ ಹಸಿರಾಗಿತ್ತು. ಎರಡು ಸಲವೂ ಟೈರು ಸವೆದಿತ್ತು. ಖಾಜಾಸಾಬರಿಗೆ ಅದು ಮಾನದ ಪ್ರಶ್ನೆಯಾಗಿತ್ತು. ಹೊಸ ಟೈರು ಹಾಕಿಸಿ ಮೂರನೆಯ ಸಲ ಹೋದಾಗ ಅವರೇ ಎದ್ದು ಬಂದು ಬಾಗಿಲು ತೆಗೆದರು.

"ಬರ್ರಿ ಅಮ್ಮಾರ, ಇಳೀರಿ. ಹೊಂಡದ ಮ್ಯಾಲ ಯಾಕ ಕುಂದರ್ತೀರಿ? ನೆಳ್ಳಿಗೆ ಕುರ್ಚಿ ಹಾಕೀನಿ. ಚಾ ಹೇಳ್ತೀನಿ."

ಮಂಜ ನನ್ನನ್ನು ಜಗ್ಗಿದ, ನಾನು "ಯವ್ವಾ" ಎಂದೆ, ಕುರ್ಚಿಯಲ್ಲಿ ಕುಳಿತೆ. ಚಹಾ ಬಂತು. ಅದನ್ನು ಬಸಿಯಲ್ಲಿ ಆರಿಸುತ್ತಿದ್ದಾಗ ನನಗೆ ನನ್ನ ತವರಿನ ಬಡಿಗೇರ ಕಾಳಪ್ಪಜ್ಜ ನೆನಪಾದ.

ಯಲಬುರ್ಗಿ ಕಡೆಯ ಎರೆಹೊಲದ ಊರು ನನ್ನ ತವರು. ನಮ್ಮಪ್ಪ ಬಂಡಿಗೆ ಹೊಸ ಗಾಲಿ ಮಾಡಿಸಿದಾಗ ಕಾಳಪ್ಪಜ್ಜ ಅಚ್ಚಿಗೆ ಗಾಲಿ ಏರಿಸಿ, ಕಡಾಣಿ ಬಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಅಷ್ಟಕ್ಕೆ ಬಿಡುತ್ತಿರಲಿಲ್ಲ. "ಹುಡುಗೂರನ್ನ ಕರೀರಿ" ಎನ್ನುತ್ತಿದ್ದ. ಓಣಿಯ ಹುಡುಗರೆಲ್ಲ ಬಂಡಿಯೊಳಗೆ ಹತ್ತಬೇಕು, ಅಲುಗಾಡದೆ ಕೂಡಬೇಕು. ಆಮೇಲೆ ಮತ್ತೆ ಕಣ್ಣು ಮುಚ್ಚಿ ನೋಡಿ, ಅಚ್ಚಿಗೆ ಎರಡು ಪೆಟ್ಟು ಹಾಕುತ್ತಿದ್ದ. "ಖಾಲಿ ಬಂಡಿ ಯಾವಾಗ್ಲೂ ಸೀದಾನ ಇರತೈತಿ. ಭಾರ ಹೊತ್ತಾಗ ಅದರ ಖರೇ ಗುಣ ತಿಳೀತೈತಿ" ಎನ್ನುವುದು ಅವನ ಮಾತು. ಉಳಿದ ಹುಡುಗರು ಕಿಸಿಕಿಸಿ ನಕ್ಕು ಬೈಸಿಕೊಳ್ಳುತ್ತಿದ್ದರು. ನಾನು ಉಸಿರೂ ಬಿಡದೆ ಕೂಡುತ್ತಿದ್ದೆ. "ಈಕಿ ಛಲೋ ಚೀಲ" ಎಂದು ಅಜ್ಜ ನನ್ನನ್ನು ಹೊಗಳಿದ್ದ. ನನ್ನ ಜನ್ಮದ ಮೊದಲ ಬಿರುದು ಅದು.

ಬಸಿ ಹಿಡಿದ ಕೈ ನಿಂತಿತು. ಎರಡು ಸಲವೂ ಇಲ್ಲಿ ನನ್ನನ್ನು ಇಳಿಸಿದ್ದರು. ಹಿರಿಯರು, ಹೆಣ್ಣುಮಗಳು, ಹೊಂಡದ ಮೇಲೆ ಹೇಗೆ ಕೂಡಿಸುವುದು ಎಂಬ ಮರ್ಯಾದೆಗೆ. ದಿನಾ ನಾನು ಕೂಡುವುದು ಎಡಗಡೆ. ಸವೆದದ್ದೂ ಎಡಗಾಲಿಯೇ. ನೆಲದಿಂದ ಗೇಣೂ ಇಲ್ಲದ ಕಾರು, ನಾನು ಕುಳಿತರೆ ಇನ್ನಷ್ಟು ತಗ್ಗುತ್ತದೆ. ತಗ್ಗಿದ ಮೇಲೆ ಹಸಿರು ಅಂಕಿ ಹಸಿರಾಗಿ ಉಳಿಯುವುದುಂಟೆ? ಆದರೆ ನಾಲ್ಕು ಜನ ಗಂಡಸರ ಎದುರಿಗೆ ನಿಂತು, "ಟೈರು ತಿಂದವಳು ನಾನು" ಎಂದು ಹೇಳುವುದು ಹೇಗೆ? ಮೇಲಾಗಿ, ಯಾಕೆ ಹೇಳಬೇಕು? ಸುಮ್ಮನೆ ಚಹಾ ಕುಡಿದರೆ ಎರಡು ತಿಂಗಳಲ್ಲಿ ಕಾರು ತಾನಾಗಿ ಮೇಲೇಳುತ್ತದೆ. ನಾನು ಚಹಾ ಕುಡಿದೆ.

ಅಷ್ಟರಲ್ಲಿ ಮಂಜ ಹೊಂಡದ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು ಸಣ್ಣ ದನಿಯಲ್ಲಿ ಹೇಳುತ್ತಿದ್ದ: "ಖಾಜಾಚಾಚಾ, ಹಳೇ ಸ್ಪ್ರಿಂಗ್ ಡಿಕ್ಕ್ಯಾಗ ತಂದೀನಿ. ಹಾಕಿಬಿಡ್ರಿ. ಇನ್ನ ಸಾಕು. ಆಯಿಗೂ ಇಳ್ಯಾಕ ತ್ರಾಸ ಆಗತೈತಿ."

ನಾನು ಗೆದ್ದಿದ್ದೆ. ಎರಡು ತಿಂಗಳು ಕಾಯುವ ಕಾರಣವೂ ಇರಲಿಲ್ಲ. ಆದರೆ ನನ್ನ ಹೆಸರು ಹೇಳಿ ಸೋತವನ ಎದುರು ಗೆದ್ದು ಏನು ಮಾಡುವುದು? ಅದೂ ಸವೆತದ ಕಾರಣ ನನಗೆ ಗೊತ್ತಿರುವಾಗ? ಬಸಿ ಕೆಳಗಿಟ್ಟೆ.

"ಖಾಜಾಸಾಬ್ರ" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಮತ್ತೊಮ್ಮೆ ಎಂದೆ. ಎಲ್ಲರೂ ತಿರುಗಿದರು. ನಾನು ಅವರ ಚಪ್ಪಲಿಗಳನ್ನು ನೋಡುತ್ತ ಹೇಳಿದೆ: "ನನ್ನನ್ನ ಒಳಗ ಕುಂದರಿಸಿ ನೋಡ್ರಿ. ಖಾಲಿ ಬಂಡಿ ಯಾವಾಗ್ಲೂ ಸೀದಾನ ಇರತೈತಿ."

ಖಾಜಾಸಾಬರು ಹೊಂಡದಿಂದ ತಲೆ ಎತ್ತಿ, ನನ್ನನ್ನೂ ಎಡಗಾಲಿಯನ್ನೂ ನೋಡಿದರು. ನಡುವೆ ಎಷ್ಟು ತೂಕವಿರಬಹುದೆಂದು ಅವರು ಅಂದಾಜು ಮಾಡಿದ್ದು ನನಗೆ ಗೊತ್ತಾಯಿತು. "ಯಾ ಅಲ್ಲಾ! ಎಳ್ಳಷ್ಟೂ ತಲೀಗೆ ಬರಲಿಲ್ಲ ನೋಡ್ರಿ. ಬರ್ರಿ ಅಮ್ಮಾರ. ಏ ಮಂಜಾ, ನೀನೂ ಸ್ಟೇರಿಂಗಿಗೆ ಕುಂದ್ರು."

ಮಕ್ಕಳೇ, ಮುಂದಿನದನ್ನು ಬರೆಯಲೂ ನಾಚಿಕೆ. ಮಂಜ ಕುಳಿತಾಗ ಟಿವಿಯ ಅಂಕಿ ಸ್ವಲ್ಪ ಅಲುಗಿತು. ನಾನು ಕುಳಿತೆ. ಎಡಗಾಲಿಯ ತಲೆ ಒಳಕ್ಕೆ ವಾಲಿತು, ಮೂತಿ ಹೊರಕ್ಕೆ ತಿರುಗಿತು, ಹಸಿರಾಗಿದ್ದದ್ದೆಲ್ಲ ಗೋಡೆಯ ತುಂಬ ಕೆಂಪಾಯಿತು. ಹೆಣ್ಣುಮಗಳ ತೂಕವನ್ನು ಹೀಗೆ ಬಣ್ಣ ಹಚ್ಚಿ ಊರಿಗೆ ತೋರಿಸುವ ಯಂತ್ರವನ್ನು ಯಾರು ಕಂಡುಹಿಡಿದರೋ, ಅವರಿಗೆ ಅಕ್ಕತಂಗಿಯರು ಇರಲಿಕ್ಕಿಲ್ಲ.

"ಆಯೀ" ಎಂದ ಮಂಜ, ನಗು ತಡೆಯುತ್ತ. "ಎರಡು ಜೋಡಿ ಟೈರ್ ನೀನ ತಿಂದಿ ಅಲ್ಲ?"

"ಬಾಯಿ ಮುಚ್ಚು. ಅವು ಭಾಳ ಸಪ್ಪಗಿದ್ದುವು" ಎಂದೆ.

ಹೊಂಡದ ಒಳಗಿಂದಲೂ ನಗು ಕೇಳಿಸಿತು. ನಾನು ಕಾಳಪ್ಪಜ್ಜನ ಛಲೋ ಚೀಲವಾಗಿ, ಉಸಿರು ಬಿಗಿಹಿಡಿದು ಕುಳಿತೆ. ಪಾನಾ ತಿರುಗಿತು. ಒಂದೊಂದೇ ಅಂಕಿ ಹಸಿರಾಯಿತು. ಕೆಲಸ ಮುಗಿದು ಮಂಜ ಕಾರನ್ನು ಹೊರಗೆ ತೆಗೆಯುವಾಗ ಖಾಜಾಸಾಬರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಮ್ಮಾರ, ಪೂರಾ ನಿಮ್ಮ ಭಾರಕ್ಕ ಹಚ್ಚಿಲ್ಲ. ನಡುವ ಇಟ್ಟೀನಿ. ನೀವಿದ್ರೂ ಸೀದಾ ಹೊಕ್ಕೈತಿ, ಇಲ್ದಿದ್ರೂ ಸೀದಾ ಹೊಕ್ಕೈತಿ. ಚಿಂತಿ ಬ್ಯಾಡ. ಅವಗೂ ಹೇಳ್ತೀನಿ." ಹೇಳಿಯೂ ಹೇಳಿದರು, ಮಂಜ ತಲೆ ಅಲ್ಲಾಡಿಸಿದ್ದನ್ನು ನಾನೇ ನೋಡಿದೆ.

ಆ ಟೈರುಗಳು ಈಗಲೂ ಇವೆ. ಒಳಗೂ ಹೊರಗೂ ಒಂದೇ ಸಮ ಸವೆಯುತ್ತಿವೆ, ನಿಮ್ಮ ಅಜ್ಜನ ಚಪ್ಪಲಿಯ ಹಾಗೆ. ಕಾರು ತಗ್ಗಿಯೇ ಇದೆ. ಹಂಪು ಬಂದಾಗ ನಾನು ಇಳಿಯುತ್ತೇನೆ. ಮಜ್ಜಿಗೆಯವಳು ಕಂಡರೆ ಸೆರಗು ಮುಂದೆ ಎಳೆದುಕೊಳ್ಳುತ್ತೇನೆ.

ಈ ಜೂನಿನಿಂದ ಗಿಣಿಗೇರಾದ ಕೂಸು ಅಂಗನವಾಡಿಗೆ ಹೋಗುತ್ತಿದೆ. ಇನ್ನು ನನ್ನ ಸವಾರಿ ಮುಗಿಯಿತೆಂದು ಮೊದಲ ದಿನ ಬೆಳಿಗ್ಗೆ ಮೊರ ಹಿಡಿದು ಕಟ್ಟೆಯ ಮೇಲೆ ಕುಳಿತೆ. ಹೊರಟಿದ್ದ ಕಾರು ಓಣಿಯ ತುದಿಯಿಂದ ಹಿಂದಕ್ಕೆ ಬಂತು. ಮಂಜ ಗಾಜು ಇಳಿಸಿದ.

"ಆಯಿ, ಗಾಡಿ ಬಲಕ್ಕ ಎಳ್ಯಾಕತ್ತೈತಿ. ನೀ ಇಲ್ಲಂದ್ರ ಸೀದಾ ಹೋಗವಲ್ದು. ಬಾ, ಕುಂದ್ರು. ಅತ್ತಿ ಮನ್ಯಾಗ ಇಳಸ್ತೀನಿ."

ಅದು ಸುಳ್ಳೆಂದು ಅವನಿಗೆ ಗೊತ್ತು, ನನಗೂ ಗೊತ್ತು. ನನಗೆ ಗೊತ್ತಿರುವುದು ಅವನಿಗೆ ಗೊತ್ತೋ ಇಲ್ಲವೋ, ನಾನು ಕೇಳಿಲ್ಲ. ಅಂಥದ್ದನ್ನೆಲ್ಲ ಬಾಯಿಬಿಟ್ಟು ಕೇಳಲು ನನಗೆ ಮೊದಲಿನಿಂದಲೂ ಸಂಕೋಚ. ಮೊರವನ್ನು ಒಳಗಿಟ್ಟು, ಚಪ್ಪಲಿ ಮೆಟ್ಟಿ, ಹೋಗಿ ಎಡಗಡೆ ಕುಳಿತೆ.