ಫೋನಕ್ಕನ ರಜೆ

ನಮ್ಮ ಕಂಪನಿಯಲ್ಲಿ ಜನರನ್ನು ಕೆಲಸದಿಂದ ತೆಗೆಯುವುದಕ್ಕೂ ಒಂದು ಪದ್ಧತಿಯಿದೆ. ಯಾರೂ ಕರೆದು ಹೇಳುವುದಿಲ್ಲ. ಬೆಳಿಗ್ಗೆ ಬಾಗಿಲಿನ ಯಂತ್ರಕ್ಕೆ ಗುರುತಿನ ಕಾರ್ಡ್ ಹಿಡಿಯಬೇಕು. ಹಸಿರು ದೀಪ ಹತ್ತಿದರೆ ಇನ್ನೂ ಕೆಲಸವಿದೆ. ಕೆಂಪು ಹತ್ತಿದರೆ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಡಬೇಕು. ಇಂಥ ಪುಕ್ಕಲರ ಕೈಕೆಳಗೆ ದುಡಿಯುತ್ತಿದ್ದೇವಲ್ಲ ಎಂದು ದಿನಾ ಹಲ್ಲು ಕಡಿಯುತ್ತೇನೆ.

ಒಂದು ಕಾಲಕ್ಕೆ ನಾವು ಮಾಡಿದ ಇಂಟರ್ನೆಟ್ ಡಬ್ಬಿ ಮನೆಮನೆಯಲ್ಲೂ ಇತ್ತು. ಈಗ ಕೇಳುವವರಿಲ್ಲ. ಹಾಗಾಗಿ ಮತ್ತೆ ಮತ್ತೆ ಜನರನ್ನು ಕಳಿಸುತ್ತಾರೆ. ಪ್ರತಿ ಸಲವೂ ಇದೇ ಕೊನೆಯ ಸುತ್ತು ಎಂದು ಮೂಗಿಗೆ ತುಪ್ಪ ಸವರುತ್ತಾರೆ. ದೂರು ಕೇಳುವ ನಮ್ಮ ವಿಭಾಗದಲ್ಲಿ ಕೊನೆಗೆ ಉಳಿದದ್ದು ನಾನು ಮತ್ತು ಪಕ್ಕದ ಮೇಜಿನ ಫೋನಕ್ಕ. ಎಂಥ ಸಿಡುಕನನ್ನೂ ಫೋನಿನಲ್ಲೇ ಸಮಾಧಾನ ಮಾಡುತ್ತಿದ್ದರು, ಅದಕ್ಕೇ ಆ ಹೆಸರು. ಹೋದವರ ಫೋನುಗಳೆಲ್ಲ ಅವರ ಮೇಜಿಗೇ ಬಂದವು. ಊಟದ ಡಬ್ಬಿ ತೆರೆದಾಗಲೂ ಒಂದು ಕಿವಿಗೆ ಬೈಗುಳ ಬೀಳುತ್ತಲೇ ಇರುತ್ತಿತ್ತು.

ಅಕ್ಕನಿಗೆ ಬೇಕಾಗಿದ್ದದ್ದು ಒಂದು ವಾರ ರಜೆ, ಅಷ್ಟೇ. ತಂಗಿಗೆ ಚೊಚ್ಚಲ ಹೆರಿಗೆ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿ ಸಲಹಿದ್ದು ಇವರೇ. "ನೀನು ಪಕ್ಕದಲ್ಲಿಲ್ದೆ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ ಅಕ್ಕಾ," ಎಂದು ಅವಳು ದಿನಾ ಗೋಳಾಡುತ್ತಿದ್ದಳು.

ಮ್ಯಾನೇಜರನನ್ನು ಕೇಳಿದರೆ, "ಈ ಸುತ್ತು ಮುಗೀಲಿ ಮೇಡಂ. ಈಗ ರಜೆ ಹಾಕಿದ್ರೆ ಮೇಲಿನವರ ಕಣ್ಣಿಗೆ ಬೀಳ್ತೀರಿ," ಎಂದ. ಆ ಸುತ್ತು ಮುಗಿಯಿತು. ಮತ್ತೆ ಕೇಳಿದರೆ ಇನ್ನೊಂದು ಸುತ್ತಿದೆಯಂತೆ ಎಂದ.

"ಹೆರಿಗೆ ನಿಮ್ಮ ಸುತ್ತು ನೋಡ್ಕೊಂಡು ಬರುತ್ತಾ ಸಾರ್?" ಎಂದರು ಅಕ್ಕ.

ಅವನು ಕಂಪ್ಯೂಟರಿನ ಕಡೆ ತಿರುಗಿಕೊಂಡ. ನನಗೆ ಮೈಯೆಲ್ಲ ಉರಿಯಿತು.

ಒಂದು ಸೋಮವಾರ ಅಕ್ಕ ಆಫೀಸಿನ ಬಾಗಿಲಲ್ಲಿದ್ದಾಗಲೇ ಫೋನ್ ಬಂತು. ತಂಗಿಗೆ ನೋವು ಶುರುವಾಗಿತ್ತು. "ಯಾರ ಕೈಕಾಲು ಹಿಡಿದಾದ್ರೂ ಮಧ್ಯಾಹ್ನ ಬರ್ತೀನಿ ಪುಟ್ಟಿ," ಎನ್ನುತ್ತ ಕಾರ್ಡ್ ಹಿಡಿದರು. ಕೆಂಪು ದೀಪ ಹತ್ತಿತು.

ಹಿಂದೆ ನಿಂತಿದ್ದ ನನ್ನ ಬಾಯಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅಕ್ಕ ಮಾತ್ರ ಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡು, "ಸದ್ಯ, ಇನ್ನು ಯಾರನ್ನೂ ಕೇಳ್ಬೇಕಾಗಿಲ್ಲ," ಎಂದು ರಸ್ತೆ ದಾಟಿ ಬಸ್ಸು ಹತ್ತಿಬಿಟ್ಟರು.

ಆಮೇಲೆ ನಾನು ಕಾರ್ಡ್ ಹಿಡಿದೆ. ನನಗೂ ಕೆಂಪು. ನನ್ನ ಹಿಂದಿನವನಿಗೂ ಕೆಂಪು. ಅಷ್ಟರಲ್ಲಿ ಮ್ಯಾನೇಜರ್ ಬಂದ, ಅವನಿಗೂ ಕೆಂಪೇ. ಮುಖ ಬಿಳಿಚಿಕೊಂಡಿತು.

"ಯಂತ್ರ ಕೆಟ್ಟಿದೆ ಸಾರ್," ಎಂದ ಕಾವಲುಗಾರ. "ರಿಪೇರಿ ಮಾಡೋನನ್ನ ಹೋದ ಸುತ್ತಲ್ಲಿ ನೀವೇ ಕಳಿಸಿದ್ರಲ್ಲ."

ಕೂತ ಕೊಂಬೆಯನ್ನೇ ಕಡಿಯುವವರನ್ನು ಅವತ್ತು ಕಣ್ಣಾರೆ ಕಂಡೆ.

ಬಾಗಿಲು ತೆರೆಸಿ ಒಳಗೆ ಹೋಗುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಅಕ್ಕನ ಮೇಜಿನ ಫೋನುಗಳು ಬಡಿದುಕೊಳ್ಳುತ್ತಿದ್ದವು. ಮ್ಯಾನೇಜರ್ ನನ್ನ ಮೊಬೈಲಿನಿಂದಲೇ ಅವರಿಗೆ ಫೋನ್ ಮಾಡಿಸಿ, ಸ್ಪೀಕರಿಗೆ ಹಾಕಿಸಿದ. "ಮೇಡಂ, ನಿಮ್ಮ ಕೆಲಸ ಹೋಗಿಲ್ಲ, ಯಂತ್ರದ ತಪ್ಪು. ಕೂಡಲೇ ಬನ್ನಿ. ಬರದಿದ್ರೆ ಮಾತ್ರ ನಿಜವಾಗ್ಲೂ ಹೋಗುತ್ತೆ."

ಆ ಕಡೆ ತಂಗಿ ನರಳುವುದು ಕೇಳುತ್ತಿತ್ತು. ಅಕ್ಕ ಅವಳಿಗೆ ಏನೋ ಸಮಾಧಾನ ಹೇಳಿ, ಆಮೇಲೆ ಫೋನಿಗೆ ಬಂದರು.

"ಕೆಲಸ ಹೋಯ್ತಲ್ಲ, ಬಸ್ಸಲ್ಲಿ ಕೂತ್ರೆ ಅಳು ಬರುತ್ತೆ ಅಂದ್ಕೊಂಡಿದ್ದೆ. ನಿದ್ದೆ ಬಂತು ಸಾರ್. ಆಸ್ಪತ್ರೆ ಬಂದಾಗ ಕಂಡಕ್ಟರ್ ಎಬ್ಬಿಸಬೇಕಾಯ್ತು. ನಾನಿನ್ನು ಬರಲ್ಲ."